ಖರ್ಚಿನ ಲೆಕ್ಕದಲ್ಲಿ ಕಾಣದ ವರಮಾನದ ಅಂತರ

ವಿಶ್ವ ಬ್ಯಾಂಕಿನ ಲೆಕ್ಕದ ಪ್ರಕಾರ 2022-23ರಲ್ಲಿ ಭಾರತದ ಅಸಮಾನತೆಯ ಜಿನಿ ಸೂಚ್ಯಂಕ 25.5ರಷ್ಟಿತ್ತು. 2011-12ರಲ್ಲಿ ಇದು 28.8ರಷ್ಟಿದ್ದುದರಿಂದ ಅಸಮಾನತೆ ತಗ್ಗಿದೆಯೆಂದೂ, ಈ ಅಂಕಿಯ ಬಲದಿಂದ ಭಾರತವು ಜಗತ್ತಿನಲ್ಲೇ ಅತಿ ಹೆಚ್ಚು ಸಮಾನತೆಯಿರುವ ದೇಶಗಳ ಸಾಲಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಿದೆಯೆಂದೂ 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಆದರೆ ಈ ಲೆಕ್ಕ ಕೊಟ್ಟ ವಿಶ್ವ ಬ್ಯಾಂಕಿನ ಟಿಪ್ಪಣಿಯಲ್ಲೇ ಇನ್ನೊಂದು ಅಂಕಿಯೂ ಇತ್ತು: ವಿಶ್ವ ಅಸಮಾನತೆ ದತ್ತಕೋಶದ ಅಂದಾಜಿನಂತೆ ಭಾರತದ ವರಮಾನದ ಜಿನಿ 2004ರಲ್ಲಿ 52 ಇದ್ದದ್ದು 2023ರ ಹೊತ್ತಿಗೆ 62ಕ್ಕೆ ಏರಿತ್ತು. ಒಂದೇ ದೇಶದ ಬಗ್ಗೆ, ಹೆಚ್ಚುಕಡಿಮೆ ಒಂದೇ ಕಾಲದ ಬಗ್ಗೆ ಹೇಳಿದ ಈ ಎರಡು ಅಂಕಿಗಳ ನಡುವೆ ಅಜಗಜಾಂತರವಿರುವುದಕ್ಕೆ ಮುಖ್ಯ ಕಾರಣ, ಮೊದಲನೆಯದು ಕುಟುಂಬಗಳು ಮಾಡುವ ಖರ್ಚನ್ನು ಅಳೆದರೆ ಎರಡನೆಯದು ಅವುಗಳ ಕೈಸೇರುವ ವರಮಾನವನ್ನು ಅಂದಾಜಿಸುವುದು. ಈ ವ್ಯತ್ಯಾಸವನ್ನು ಮರೆತು ಖರ್ಚಿನ ಅಂಕಿಯನ್ನು ವರಮಾನದ ಅಂಕಿಯೆಂಬಂತೆ ಬಳಸುವುದು ತಾಂತ್ರಿಕ ತಪ್ಪಷ್ಟೇ ಅಲ್ಲ, ಯಾವ ಕುಟುಂಬಗಳಿಗೆ ಸರ್ಕಾರದ ಆಸರೆ ಬೇಕು, ಯಾರಿಂದ ಎಷ್ಟು ತೆರಿಗೆ ಪಡೆಯಬೇಕು ಎಂಬ ತೀರ್ಮಾನಗಳನ್ನೇ ದಾರಿ ತಪ್ಪಿಸುವ ಗೊಂದಲ.

ಜಿನಿ ಸೂಚ್ಯಂಕವು ಇಟಲಿಯ ಸಂಖ್ಯಾಶಾಸ್ತ್ರಜ್ಞ ಕೊರಾಡೊ ಜಿನಿ 1912ರಲ್ಲಿ ರೂಪಿಸಿದ ಅಳತೆ. ಎಲ್ಲರ ವರಮಾನವೂ ಒಂದೇ ಆಗಿದ್ದರೆ ಅದು ಸೊನ್ನೆ, ಇಡೀ ದೇಶದ ವರಮಾನ ಒಬ್ಬರದೇ ಕೈಯಲ್ಲಿದ್ದರೆ ನೂರು. ನಡುವಿನ ಅಂಕಿಗಳ ಅರ್ಥವನ್ನು ಹೀಗೆ ಹಿಡಿಯಬಹುದು: ದೇಶದ ಯಾವುದೋ ಎರಡು ಕುಟುಂಬಗಳನ್ನು ಚೀಟಿ ಎತ್ತಿ ಆರಿಸಿ, ಅವೆರಡರ ತಲಾ ಮೊತ್ತಗಳ ನಡುವಿನ ಅಂತರವನ್ನು ಬರೆದಿಟ್ಟುಕೊಂಡು, ಇದನ್ನೇ ಮತ್ತೆ ಮತ್ತೆ ಮಾಡುತ್ತಾ ಹೋದರೆ, ಸಿಗುವ ಅಂತರಗಳ ಸರಾಸರಿಯು ದೇಶದ ತಲಾ ಸರಾಸರಿಯ ಶೇಕಡಾ ಎಷ್ಟು ಎಂಬುದರ ಅರ್ಧವೇ ಜಿನಿ. ಆದ್ದರಿಂದ ಜಿನಿ 25.5 ಎಂದರೆ ಎರಡು ಕುಟುಂಬಗಳ ನಡುವಿನ ಸಾಮಾನ್ಯ ಅಂತರ ಸರಾಸರಿಯ ಅರ್ಧದಷ್ಟು ಎಂದೂ, 62 ಎಂದರೆ ಆ ಅಂತರ ಸರಾಸರಿಯನ್ನೂ ಮೀರಿ ಅದರ ಒಂದೂಕಾಲು ಪಾಲಿನಷ್ಟು ಎಂದೂ ಅರ್ಥ.

ಇಲ್ಲಿ ಕುಟುಂಬ ಎಂಬ ಮಾತಿಗೂ ಒಂದು ಲೆಕ್ಕಾಚಾರದ ಅರ್ಥವಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ದೃಷ್ಟಿಯಲ್ಲಿ ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತಾ ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ; ರಕ್ತಸಂಬಂಧ ಇರಲೇಬೇಕೆಂದಿಲ್ಲ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದು ಒಲೆ ಬೇರೆ ಮಾಡಿಕೊಂಡಿದ್ದರೆ ಅವು ಎರಡು ಕುಟುಂಬಗಳು. ಎಂಟು ಜನರ ಮನೆಯ ಇಪ್ಪತ್ತು ಸಾವಿರ ರೂಪಾಯಿಯೂ ಮೂವರ ಮನೆಯ ಇಪ್ಪತ್ತು ಸಾವಿರವೂ ಒಂದೇ ಅಲ್ಲವಾದ್ದರಿಂದ ಒಟ್ಟು ಮೊತ್ತವನ್ನು ತಲೆಗಳ ಸಂಖ್ಯೆಯಿಂದ ಭಾಗಿಸಿ ಹೋಲಿಸುವುದು ರೂಢಿ. ಆದರೆ ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ, ವರ್ಷದ ಒಂದಷ್ಟು ಕಾಲ ಊರಿನಲ್ಲೂ ಉಳಿದ ಕಾಲ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲೂ ಒಲೆ ಹೂಡುವ ಜನ ಯಾವ ಕುಟುಂಬದ ಲೆಕ್ಕಕ್ಕೆ ಸೇರಬೇಕೆಂಬುದು ಸಮೀಕ್ಷೆಯವರನ್ನು ಇಂದಿಗೂ ಕಾಡುವ ಪ್ರಶ್ನೆ. ಊರಿನಲ್ಲಿ ಬಾಗಿಲಿಗೆ ಬೀಗ, ಶೆಡ್ಡಿಗೆ ವಿಳಾಸವೇ ಇಲ್ಲ ಎಂಬ ಸ್ಥಿತಿಯಲ್ಲಿ ಅತಿ ಬಡವರಲ್ಲಿ ಕೆಲವರು ಎಣಿಕೆಯಿಂದಲೇ ಜಾರಿಹೋಗುವ ಸಾಧ್ಯತೆಯಿದೆ.

ವರಮಾನ ಹೇಗೆ ಹಂಚಿಕೆಯಾಗಿದೆ ಎಂಬ ಪ್ರಶ್ನೆ ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಬಹಳ ಬೇಗನೆ ಎದ್ದಿತ್ತು. ಎರಡು ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಹೆಚ್ಚಿದ ರಾಷ್ಟ್ರೀಯ ವರಮಾನ ಎಲ್ಲಿಗೆ ಹೋಯಿತೆಂದು ಪ್ರಧಾನಿ ನೆಹರೂ ಅವರೇ 1960ರಲ್ಲಿ ಕೇಳಿದ್ದರು. ಅದರ ಫಲವಾಗಿ ಯೋಜನಾ ಆಯೋಗವು ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 1964ರಲ್ಲಿ ತನ್ನ ವರದಿಯ ಮೊದಲ ಭಾಗವನ್ನು ಕೊಟ್ಟಿತು. ಈ ನಡುವೆ 1963ರಲ್ಲಿ ಲೋಕಸಭೆಯಲ್ಲಿ ನಡೆದ ಅವಿಶ್ವಾಸ ಗೊತ್ತುವಳಿಯ ಚರ್ಚೆಯಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಹೇಳಿದಾಗ, ನೆಹರೂ ಅದು ಹದಿನೈದಾಣೆ ಎಂದು ಉತ್ತರಿಸಿದರು. ರೂಪಾಯಿಗೆ ಹದಿನಾರಾಣೆಯ ಲೆಕ್ಕದಲ್ಲಿ ಒಂದು ರೂಪಾಯಿಗೆ ಒಂದಾಣೆ ಕಮ್ಮಿಯಾದ ಆ ಮೊತ್ತ ಇಡೀ ದೇಶದ ಸರಾಸರಿಯಾಗಿತ್ತು. ಲೋಹಿಯಾ ಕೇಳಿದ್ದು ಕೆಳಗಿನ ಶೇಕಡಾ 60ರಷ್ಟು ಜನರ ಪಾಡನ್ನು. ಮೂರಾಣೆಯ ಅಂಕಿ ಎಷ್ಟು ಕರಾರುವಾಕ್ಕು ಎಂಬುದರ ಬಗ್ಗೆ ವಾದಗಳಿದ್ದರೂ, ಸಿರಿವಂತರ ವರಮಾನವನ್ನೂ ಕೂಡಿಸಿ ಭಾಗಿಸಿದ ಸರಾಸರಿಯಿಂದ ಬಡವರ ಬದುಕು ತಿಳಿಯದು ಎಂಬ ಅವರ ವಾದದ ತಿರುಳಿಗೆ ಇಂದಿಗೂ ಉತ್ತರ ಹೇಳುವುದು ಕಷ್ಟ.

ಅಷ್ಟಾದರೂ ಭಾರತದ ಅಧಿಕೃತ ಸಮೀಕ್ಷೆಗಳು ವರಮಾನವನ್ನು ಬಿಟ್ಟು ಖರ್ಚನ್ನೇ ಅಳೆಯುತ್ತಾ ಬಂದವು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ನಂತರದ ದಶಕಗಳಲ್ಲಿ ವರಮಾನದ ಪ್ರಶ್ನೆಗಳನ್ನು ಪ್ರಾಯೋಗಿಕವಾಗಿ ಕೇಳಿ ನೋಡಿದಾಗ, ಜನ ಹೇಳಿದ ವರಮಾನವು ಅವರೇ ಹೇಳಿದ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂದಿದ್ದರಿಂದ ಆ ಪ್ರಯತ್ನ ಮುಂದುವರಿಯಲಿಲ್ಲ. ಹೀಗಾಗುವುದಕ್ಕೆ ಸುಳ್ಳು ಹೇಳುವ ಉದ್ದೇಶವೊಂದೇ ಕಾರಣವಲ್ಲ. ತೆರಿಗೆಯ ಭಯ ಉಳ್ಳವರಿಗಿದ್ದರೆ, ಬಿಪಿಎಲ್ ಕಾರ್ಡು ರದ್ದಾದೀತೆಂಬ ಭಯ ಇಲ್ಲದವರಿಗಿದೆ. ಇವೆರಡಕ್ಕಿಂತ ಮುಖ್ಯವಾಗಿ, ತಿಂಗಳ ಸಂಬಳದವರನ್ನು ಬಿಟ್ಟರೆ ಉಳಿದ ಬಹುಪಾಲು ಕುಟುಂಬಗಳಿಗೆ ತಮ್ಮ ವರಮಾನ ಎಷ್ಟೆಂಬುದು ತಮಗೇ ಒಂದು ಅಂಕಿಯಾಗಿ ಗೊತ್ತಿರುವುದಿಲ್ಲ.

ಕಲಬುರಗಿ ಜಿಲ್ಲೆಯಲ್ಲಿ ನಾಲ್ಕು ಎಕರೆ ಎರೆ ಭೂಮಿಯಲ್ಲಿ ಮಳೆಯನ್ನೇ ನಂಬಿ ತೊಗರಿ ಬೆಳೆಯುವ ಕುಟುಂಬವೊಂದನ್ನು ಕಲ್ಪಿಸಿಕೊಂಡರೆ ಈ ಕಷ್ಟ ಸ್ಪಷ್ಟವಾಗುತ್ತದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯ ರಾಶಿಯಾಗುವುದು ಡಿಸೆಂಬರ್, ಜನವರಿಯ ಹೊತ್ತಿಗೆ. ಅಲ್ಲಿಯವರೆಗೆ ಬೀಜ, ಗೊಬ್ಬರ, ಔಷಧಿ, ಕಳೆ ತೆಗೆಯುವ ಆಳು, ರಾಶಿ ಯಂತ್ರದ ಬಾಡಿಗೆ ಇವೆಲ್ಲಕ್ಕೂ ಹಣ ಹೋಗುತ್ತಲೇ ಇರುತ್ತದೆ, ಅದರಲ್ಲಿ ಒಂದು ಭಾಗ ಅಡತಿ ಅಂಗಡಿಯಿಂದ ಮುಂಗಡವಾಗಿ ಬಂದಿದ್ದು ಮಾಲು ಅದೇ ಅಂಗಡಿಗೆ ಹೋದಾಗ ಬಡ್ಡಿಸಮೇತ ಮುರಿದುಕೊಳ್ಳಲಾಗುತ್ತದೆ. ಮನೆಯ ಬೇಳೆಗೆಂದು ಎತ್ತಿಟ್ಟ ಚೀಲಗಳಿಗೆ ಯಾವ ಬೆಲೆ ಕಟ್ಟಬೇಕು, ಹೊಲದಲ್ಲಿ ದುಡಿದ ಮನೆಯ ಹೆಂಗಸರ ಕೂಲಿಯನ್ನು ಖರ್ಚೆಂದು ಹಿಡಿಯಬೇಕೇ ಬೇಡವೇ, ಎಮ್ಮೆಯ ಹಾಲಿನಲ್ಲಿ ಮಾರಿದ್ದೆಷ್ಟು ಕುಡಿದದ್ದೆಷ್ಟು, ಮಗ ಬೆಂಗಳೂರಿನಿಂದ ಫೋನ್‌ಪೇ ಮಾಡಿದ ಹಣ ವರಮಾನವೇ ಅಥವಾ ಸಾಲ ತೀರಿಸಲು ಕಳಿಸಿದ್ದೇ, ಪಡಿತರದ ಅಕ್ಕಿಗೂ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರಕ್ಕೂ ಎಲ್ಲಿ ಜಾಗ ಎಂಬ ಒಂದೊಂದು ಪ್ರಶ್ನೆಗೂ ಒಂದೊಂದು ಉತ್ತರ ಆರಿಸಿಕೊಂಡಂತೆ ಆ ಮನೆಯ ವರಮಾನ ಬದಲಾಗುತ್ತದೆ. ಮಳೆ ಕೈಕೊಟ್ಟ ವರ್ಷ ಹಾಕಿದ್ದೂ ಮರಳದಿದ್ದರೆ ಹೊಲದ ವರಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇಂಥ ಋಣಾತ್ಮಕ ವರಮಾನದ ಕುಟುಂಬಗಳು ಸಮೀಕ್ಷೆಗಳಲ್ಲಿ ನಿಜವಾಗಿಯೂ ಕಾಣಸಿಗುತ್ತವೆ. ಆದರೆ ಆ ಮನೆಯವರು ಆ ವರ್ಷವೂ ಉಂಡಿರುತ್ತಾರೆ, ಮಕ್ಕಳಿಗೆ ಬಟ್ಟೆ ಕೊಂಡಿರುತ್ತಾರೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯು 2018-19ನೇ ಸಾಲಿಗೆ ಸಂಬಂಧಿಸಿದಂತೆ ಕೃಷಿ ಕುಟುಂಬಗಳ ವರಮಾನವನ್ನು ವಿವರವಾಗಿ ಕೇಳಿತ್ತು. ಅದರ ಪ್ರಕಾರ ದೇಶದ ಕೃಷಿ ಕುಟುಂಬವೊಂದರ ಸರಾಸರಿ ಮಾಸಿಕ ವರಮಾನ 10,218 ರೂಪಾಯಿ; ಇದರಲ್ಲಿ ಬೆಳೆಯಿಂದ ಬಂದದ್ದು 3,798 ರೂಪಾಯಿಯಾದರೆ ಕೂಲಿ ಮತ್ತು ಸಂಬಳದಿಂದ ಬಂದದ್ದು 4,063 ರೂಪಾಯಿ. ಅಂದರೆ ರೈತರೆಂದು ಲೆಕ್ಕಕ್ಕೆ ಸಿಗುವ ಕುಟುಂಬಗಳೂ ಸರಾಸರಿಯಲ್ಲಿ ಬೆಳೆಗಿಂತ ಹೆಚ್ಚು ಕೂಲಿ, ಸಂಬಳವನ್ನೇ ನೆಚ್ಚಿಕೊಂಡಿವೆ. ಆರು ವರ್ಷ ಮುಂಚೆ, 2012-13ರಲ್ಲಿ, ಬೆಳೆಯ ಪಾಲೇ ದೊಡ್ಡದಿತ್ತು. ರಾಜ್ಯ ರಾಜ್ಯಗಳ ನಡುವಿನ ಅಂತರವೂ ಸಣ್ಣದಲ್ಲ: ಪಂಜಾಬಿನ ಕೃಷಿ ಕುಟುಂಬಕ್ಕೆ ತಿಂಗಳಿಗೆ 26,701 ರೂಪಾಯಿ, ಕರ್ನಾಟಕದಲ್ಲಿ 13,441, ಜಾರ್ಖಂಡಿನಲ್ಲಿ 4,895. ಕಷ್ಟವಾದರೂ ಮನಸ್ಸು ಮಾಡಿದರೆ ವರಮಾನವನ್ನು ಕೇಳಿ ತಿಳಿಯಬಹುದು ಎಂಬುದಕ್ಕೆ ಈ ಸಮೀಕ್ಷೆಯೇ ಸಾಕ್ಷಿ.

ಖರ್ಚಿನ ಅಳತೆಯು ಅಸಮಾನತೆಯನ್ನು ಎರಡೂ ತುದಿಗಳಲ್ಲಿ ಸವೆಸುತ್ತದೆ. ವರಮಾನ ಹೆಚ್ಚಿದಂತೆ ಮನುಷ್ಯನ ಊಟ, ಬಟ್ಟೆಯ ಖರ್ಚು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ತಿಂಗಳಿಗೆ ಐದು ಲಕ್ಷ ಬರುವ ಮನೆಯಲ್ಲಿ ಉಳಿಯುವ ದೊಡ್ಡ ಮೊತ್ತ ನಿವೇಶನವಾಗಿ, ಷೇರಾಗಿ, ಚಿನ್ನವಾಗಿ ಹೋಗುತ್ತದೆಯೇ ಹೊರತು ಖರ್ಚಿನ ಪಟ್ಟಿಗೆ ಬರುವುದಿಲ್ಲ. ಕೆಳತುದಿಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ವರಮಾನ ಕುಸಿದ ವರ್ಷ ಬಡ ಕುಟುಂಬ ಕೈಸಾಲ ಮಾಡಿ, ಸಂಘದ ಸಾಲ ಎತ್ತಿ, ಒಡವೆ ಅಡವಿಟ್ಟು ಊಟವನ್ನು ಉಳಿಸಿಕೊಳ್ಳುತ್ತದೆ, ಆ ಊಟ ಖರ್ಚಿನ ಸಮೀಕ್ಷೆಯಲ್ಲಿ ಎಂದಿನಂತೆ ದಾಖಲಾಗುತ್ತದೆ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತೆಂಬುದನ್ನು ನೆನೆದರೆ, ಹೀಗೆ ಸಾಲದ ಮೇಲೆ ನಿಂತ ಖರ್ಚನ್ನು ಸಮಾನತೆಯ ಲಕ್ಷಣವೆಂದು ಓದುವುದು ಎಷ್ಟು ಅನ್ಯಾಯವೆಂಬುದು ಮನವರಿಕೆಯಾಗುತ್ತದೆ. ಕುಟುಂಬದ ಸಂಕಟ ಇಲ್ಲಿ ಅಂಕಿಅಂಶದಲ್ಲಿ ನೆಮ್ಮದಿಯಾಗಿ ಕಾಣಿಸಿಕೊಳ್ಳುತ್ತದೆ.

ಹಾಗೆಂದು ಖರ್ಚಿನ ಸಮೀಕ್ಷೆ ನಿಷ್ಪ್ರಯೋಜಕವಲ್ಲ. ಜನ ಏನು ಉಣ್ಣುತ್ತಾರೆ, ಬಡತನ ಎಷ್ಟಿದೆ ಎಂಬುದನ್ನು ತಿಳಿಯಲು ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ, ಮತ್ತು ಏರಿಳಿತದ ವರಮಾನಕ್ಕಿಂತ ಖರ್ಚೇ ಕುಟುಂಬದ ನೆಲೆಯನ್ನು ಸ್ಥಿರವಾಗಿ ತೋರಿಸುತ್ತದೆಂಬ ವಾದದಲ್ಲೂ ಹುರುಳಿದೆ. 2022-23ರ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಕೆಳಗಿನ ಶೇಕಡಾ 5ರಷ್ಟು ಜನರ ತಲಾ ಮಾಸಿಕ ಖರ್ಚು 1,373 ರೂಪಾಯಿ, ನಗರಗಳ ಮೇಲಿನ ಶೇಕಡಾ 5ರಷ್ಟು ಜನರದ್ದು 20,824 ರೂಪಾಯಿ ಎಂಬ ಅಂಕಿಗಳೇ ಸಾಕಷ್ಟು ಮಾತಾಡುತ್ತವೆ. ಆದರೆ ಆ ಎರಡನೆಯ ಅಂಕಿಯನ್ನು ಬೆಂಗಳೂರಿನ ಯಾವುದೇ ದುಬಾರಿ ಬಡಾವಣೆಯ ಮನೆಬಾಡಿಗೆಯ ಪಕ್ಕದಲ್ಲಿಟ್ಟು ನೋಡಿದವರಿಗೆ, ದೇಶದ ನಿಜವಾದ ಸಿರಿವಂತರು ಈ ಲೆಕ್ಕದೊಳಗೆ ಬಂದಿದ್ದಾರೆಯೇ ಎಂಬ ಅನುಮಾನ ಬಾರದೆ ಇರದು. ಕಾವಲುಗಾರರಿರುವ ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಸಮೀಕ್ಷೆಯವರನ್ನು ತಡೆಯುವುದು, ಒಳಬಿಟ್ಟರೂ ಗಂಟೆಗಟ್ಟಲೆ ಕೂತು ಉತ್ತರಿಸಲು ಮನೆಯವರು ಒಪ್ಪದಿರುವುದು ಕ್ಷೇತ್ರಕಾರ್ಯದಲ್ಲಿ ತೊಡಗಿದವರ ನಿತ್ಯದ ದೂರು; ಇದನ್ನು ಸರಿದೂಗಿಸಲು 2022-23ರ ಸಮೀಕ್ಷೆಯಲ್ಲಿ ನಗರದ ಕುಟುಂಬಗಳನ್ನು ಮನೆಯಲ್ಲಿರುವ ಕಾರಿನ ಬೆಲೆಯ ಆಧಾರದಲ್ಲೂ ವಿಂಗಡಿಸಿ ಆರಿಸಲಾಯಿತು.

ಮೇಲ್ತುದಿಯನ್ನು ಹಿಡಿಯಲು ಅರ್ಥಶಾಸ್ತ್ರಜ್ಞರು ಹಿಡಿದ ಇನ್ನೊಂದು ದಾರಿ ಆದಾಯ ತೆರಿಗೆಯ ದಾಖಲೆಗಳದ್ದು. ಭಾರತದಲ್ಲಿ 1922ರಿಂದ ಲಭ್ಯವಿರುವ ಈ ದಾಖಲೆಗಳನ್ನು ಅಭಿಜಿತ್ ಬ್ಯಾನರ್ಜಿ ಮತ್ತು ಥಾಮಸ್ ಪಿಕೆಟಿ ಮೊದಲು ಬಳಸಿಕೊಂಡರು. ಅದೇ ಜಾಡಿನಲ್ಲಿ ಮುಂದುವರಿದು ಪಿಕೆಟಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1980ರ ದಶಕದ ಆರಂಭದಲ್ಲಿ ಶೇಕಡಾ 6ರ ಆಸುಪಾಸಿನಲ್ಲಿದ್ದ ಮೇಲಿನ ಶೇಕಡಾ 1ರಷ್ಟು ಜನರ ಪಾಲು 2022-23ರಲ್ಲಿ ರಾಷ್ಟ್ರೀಯ ವರಮಾನದ ಶೇಕಡಾ 22.6ಕ್ಕೆ ಏರಿತ್ತು, ಕೆಳಗಿನ ಅರ್ಧ ಜನಸಂಖ್ಯೆಗೆ ಸಿಕ್ಕಿದ್ದು ಶೇಕಡಾ 15ರಷ್ಟು. ಈ ಅಂಕಿಗಳೂ ಪ್ರಶ್ನಾತೀತವಲ್ಲ. ತೆರಿಗೆ ವಿವರ ಸಲ್ಲಿಸುವವರು ಜನಸಂಖ್ಯೆಯ ಸಣ್ಣ ಭಾಗ, ಕೃಷಿ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಉಳಿದ ಬಹುಪಾಲು ಜನರ ವರಮಾನವನ್ನು ಖರ್ಚಿನ ಸಮೀಕ್ಷೆಗಳಿಂದಲೇ ಊಹೆಗಳ ಮೂಲಕ ಹಿಂಜಿ ತೆಗೆಯಬೇಕಾಗುತ್ತದೆ, ಊಹೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಆದ್ದರಿಂದ 62 ಎಂಬ ಅಂಕಿಯನ್ನು ಅಳೆದದ್ದೆನ್ನುವುದಕ್ಕಿಂತ ಅಂದಾಜಿಸಿದ್ದೆನ್ನುವುದು ಪ್ರಾಮಾಣಿಕ.

ಈ ಎರಡರ ನಡುವೆ ನಿಲ್ಲುವ, ಇನ್ನಷ್ಟು ಗಮನಕ್ಕೆ ಅರ್ಹವಾದ ಪ್ರಯತ್ನವೆಂದರೆ ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಜೊತೆಗೂಡಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ. 2004-05ರಲ್ಲಿ ನಲವತ್ತೊಂದು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಭೇಟಿಯಾಗಿ, ವರಮಾನ ಎಷ್ಟೆಂದು ಒಂದೇ ಮಾತಿನಲ್ಲಿ ಕೇಳದೆ, ಬೆಳೆ, ಹೈನು, ಕೂಲಿ, ಅಂಗಡಿ, ಪಿಂಚಣಿ, ಬಾಡಿಗೆ, ಹೊರಗಿನಿಂದ ಬಂದ ಹಣ ಎಂದು ಮೂಲಗಳನ್ನು ಬಿಡಿಬಿಡಿಯಾಗಿ ಕೇಳಿ ಕೂಡಿಸಿದಾಗ ಸಿಕ್ಕ ವರಮಾನದ ಜಿನಿ 52ರಷ್ಟಿತ್ತು, ಅಂದರೆ ಆ ಕಾಲದ ಖರ್ಚಿನ ಜಿನಿಗಿಂತ ಬಹಳ ಮೇಲೆ. ಕುಟುಂಬವೊಂದರ ವಾರ್ಷಿಕ ವರಮಾನದ ಸರಾಸರಿ ಸುಮಾರು 48 ಸಾವಿರ ರೂಪಾಯಿಯಿದ್ದರೆ, ಮಧ್ಯಾಂಕ ಸುಮಾರು 28 ಸಾವಿರವಿತ್ತು. ಮಧ್ಯಾಂಕವೆಂದರೆ ಎಲ್ಲ ಕುಟುಂಬಗಳನ್ನೂ ವರಮಾನದ ಕ್ರಮದಲ್ಲಿ ನಿಲ್ಲಿಸಿದಾಗ ಸರಿಯಾಗಿ ನಡುವಿನಲ್ಲಿ ನಿಲ್ಲುವ ಕುಟುಂಬದ ವರಮಾನ. ಸರಾಸರಿಗೂ ಮಧ್ಯಾಂಕಕ್ಕೂ ನಡುವೆ ಬಿದ್ದ ಈ ಇಪ್ಪತ್ತು ಸಾವಿರದ ಬಿರುಕು ಮೂರಾಣೆ, ಹದಿನೈದಾಣೆಯ ವಾದವನ್ನು ನಲವತ್ತು ವರ್ಷದ ಮೇಲೆ ಮತ್ತೆ ಎದುರಿಗೆ ತಂದು ನಿಲ್ಲಿಸಿತು.

ಕುಟುಂಬಗಳ ವರಮಾನದಲ್ಲಿ ಇಷ್ಟು ಅಂತರಕ್ಕೆ ಕಾರಣಗಳು ಹಲವು. ಬಹುಶಃ ಎಲ್ಲಕ್ಕಿಂತ ದೊಡ್ಡದು ಉದ್ಯೋಗದ ಬಗೆ. 2023-24ರಲ್ಲಿ ನಿಯಮಿತ ಸಂಬಳದ ನೌಕರರು ದೇಶದಲ್ಲಿ ತಿಂಗಳಿಗೆ ಸರಾಸರಿ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು ಗಳಿಸಿದರೆ ಸ್ವಂತ ದುಡಿಮೆಯವರು ಹದಿಮೂರು ಸಾವಿರದ ಆಸುಪಾಸು ಗಳಿಸುತ್ತಿದ್ದರು, ಹಂಗಾಮಿ ಕೂಲಿಯವರಿಗೆ ಕೆಲಸ ಸಿಕ್ಕ ದಿನ ನಾಲ್ಕು ನೂರು ರೂಪಾಯಿಯ ಮೇಲೊಂದಿಷ್ಟು ಸಿಗುತ್ತಿತ್ತು, ಸಿಗದ ದಿನ ಏನೂ ಇರಲಿಲ್ಲ. ಅದೇ ವರ್ಷ ಗಳಿಕೆಯ ಏಣಿಯ ಮೇಲಿನ ಶೇಕಡಾ 10ರ ಮಧ್ಯಾಂಕವು ಕೆಳಗಿನ ಶೇಕಡಾ 10ರ ಮಧ್ಯಾಂಕಕ್ಕಿಂತ 13 ಪಟ್ಟು ಹೆಚ್ಚಿತ್ತೆಂದು ವಿಶ್ವ ಬ್ಯಾಂಕೇ ಹೇಳುತ್ತದೆ. ಬೇಸಾಯದಿಂದ ಹೊರಬಂದವರನ್ನು ಕೈತುಂಬ ಕರೆದುಕೊಳ್ಳಬಲ್ಲ ಕಾರ್ಖಾನೆಗಳು ಬೆಳೆಯದೆ, ಇಂಗ್ಲಿಷೂ ಪದವಿಯೂ ಬೇಡುವ ಸೇವಾ ಉದ್ದಿಮೆಗಳು ಬೆಳೆದದ್ದರಿಂದ ಓದಿದವರ ಗಳಿಕೆ ಏರಿತು, ಓದದವರು ಕಟ್ಟಡ ಕೆಲಸಕ್ಕೋ ಸೆಕ್ಯುರಿಟಿ ಕೆಲಸಕ್ಕೋ ಸರಿದರು. ಓದಿನ ಅವಕಾಶ ತಲೆತಲಾಂತರದಿಂದ ಜಾತಿ ಮತ್ತು ಭೂಮಿಯ ಒಡೆತನದ ಜೊತೆ ಹೆಣೆದುಕೊಂಡಿದ್ದರಿಂದ ಹೊಸ ಅಂತರ ಹಳೆಯ ಅಂತರದ ಮೇಲೆಯೇ ಕೂತಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಒಡೆತನ ಕೊಟ್ಟ ಕರ್ನಾಟಕದಲ್ಲೂ ಅದರ ಫಲ ಗೇಣಿ ವ್ಯಾಪಕವಾಗಿದ್ದ ಕರಾವಳಿ, ಮಲೆನಾಡಿನಲ್ಲಿ ಕಂಡಷ್ಟು ಬಯಲುಸೀಮೆಯ ಭೂರಹಿತ ಕೂಲಿಗಳಿಗೆ ದಕ್ಕಲಿಲ್ಲ.

ಪ್ರಾದೇಶಿಕ ಅಂತರದ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಬೆಂಗಳೂರು ನಗರ ಜಿಲ್ಲೆಯ ತಲಾ ವರಮಾನ ಕಲಬುರಗಿಯದಕ್ಕಿಂತ ಸುಮಾರು ಐದು ಪಟ್ಟು ಎಂದು ಹೇಳುವಾಗ ಬಳಸುವುದು ಜಿಲ್ಲೆಯ ಒಟ್ಟು ಉತ್ಪನ್ನದ ಲೆಕ್ಕವನ್ನು. ಕಂಪನಿಗಳ ಲಾಭವೂ ಅದರಲ್ಲಿ ಸೇರಿರುವುದರಿಂದ ಅದು ಅಲ್ಲಿನ ಕುಟುಂಬಗಳ ಕೈಸೇರಿದ ಹಣವಲ್ಲ, ನಗರದ ಕೊಳೆಗೇರಿಯ ಕುಟುಂಬಕ್ಕೆ ಆ ಸರಾಸರಿಯಿಂದ ಏನೂ ದಕ್ಕುವುದಿಲ್ಲ. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು 2002ರಲ್ಲಿ ವರದಿ ಕೊಟ್ಟ ಡಿ. ಎಂ. ನಂಜುಂಡಪ್ಪ ಸಮಿತಿಯೂ ಹಲವು ಸೂಚಕಗಳನ್ನು ಒಟ್ಟುಗೂಡಿಸಿ ತಾಲ್ಲೂಕುಗಳನ್ನು ಅಳೆಯಿತೇ ಹೊರತು ಕುಟುಂಬಗಳನ್ನಲ್ಲ. ತಾಲ್ಲೂಕಿನ ಅಳತೆ ಅನುದಾನ ಹಂಚಲು ಸಾಕಾಗಬಹುದು, ಆದರೆ ಅದೇ ತಾಲ್ಲೂಕಿನೊಳಗೆ ನೀರಾವರಿಯ ಗದ್ದೆಯವರಿಗೂ ಒಣಭೂಮಿಯವರಿಗೂ ಇರುವ ದೂರವನ್ನು ಅದು ಹೇಳಲಾರದು.

ಆರ್ಥಿಕತೆ ಬೆಳೆಯುವಾಗ ಅಸಮಾನತೆ ಮೊದಲು ಏರಿ ಆಮೇಲೆ ತಾನಾಗಿ ಇಳಿಯುತ್ತದೆಂಬ ನಂಬಿಕೆ ಈ ಚರ್ಚೆಯಲ್ಲಿ ಆಗಾಗ ಇಣುಕುತ್ತದೆ. 1955ರಲ್ಲಿ ಇದನ್ನು ಮುಂದಿಟ್ಟ ಅರ್ಥಶಾಸ್ತ್ರಜ್ಞ ಸೈಮನ್ ಕುಜ್‌ನೆಟ್ಸ್ ಅವರೇ ತಮ್ಮ ಪ್ರಬಂಧದ ಬಹುಪಾಲು ಊಹೆಯೆಂದೂ ಮಾಹಿತಿ ಅತ್ಯಲ್ಪವೆಂದೂ ಒಪ್ಪಿಕೊಂಡಿದ್ದರು. ಬ್ರೆಜಿಲ್‌ನಲ್ಲಿ ಹೊಸ ಶತಮಾನದ ಮೊದಲ ದಶಕದಲ್ಲಿ ವರಮಾನದ ಅಸಮಾನತೆ ಇಳಿದದ್ದು ತಾನಾಗಿ ಅಲ್ಲ. ಕನಿಷ್ಠ ವೇತನದ ಏರಿಕೆ, ಶಾಲಾ ಶಿಕ್ಷಣದ ವಿಸ್ತರಣೆ, 2003ರಲ್ಲಿ ಆರಂಭವಾದ ಬೋಲ್ಸಾ ಫ್ಯಾಮಿಲಿಯಾ ಎಂಬ ನಗದು ನೆರವಿನ ಯೋಜನೆ ಒಟ್ಟಿಗೆ ಕೆಲಸ ಮಾಡಿದ್ದರಿಂದ. ಅಲ್ಲಿನ ಸಮೀಕ್ಷೆಗಳು ವರಮಾನವನ್ನೇ ಕೇಳುತ್ತಿದ್ದುದರಿಂದ ಯಾವ ಕ್ರಮದಿಂದ ಎಷ್ಟು ಇಳಿಯಿತೆಂದು ಬಿಡಿಸಿ ಹೇಳಲೂ ಸಾಧ್ಯವಾಯಿತು. ಕರ್ನಾಟಕದಲ್ಲಿ 2023ರ ಆಗಸ್ಟ್‌ನಿಂದ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತಿರುವ ಗೃಹಲಕ್ಷ್ಮಿಯ ಬಗ್ಗೆ ಪರ ವಿರೋಧದ ಮಾತು ಎಷ್ಟಿದ್ದರೂ, ಅದರಿಂದ ಕುಟುಂಬಗಳ ನಡುವಿನ ವರಮಾನದ ಅಂತರ ಎಷ್ಟು ತಗ್ಗಿತೆಂಬ ಸರಳ ಪ್ರಶ್ನೆಗೆ ಅಷ್ಟೇ ಖಚಿತವಾದ ಉತ್ತರ ಬೇಕಾದರೆ ಅಂಥದ್ದೇ ಸಮೀಕ್ಷೆ ಬೇಕು. ಆ ಹಣ ಮನೆಯೊಳಗೆ ಗಂಡಿಗೂ ಹೆಣ್ಣಿಗೂ ನಡುವಿನ ಹಂಚಿಕೆಯನ್ನು ಬದಲಿಸಿತೇ ಎಂಬುದಂತೂ ತಲಾ ಲೆಕ್ಕದ ಯಾವ ಜಿನಿಯಲ್ಲೂ ಕಾಣದು, ಏಕೆಂದರೆ ಒಂದು ಮನೆಯವರೆಲ್ಲ ಸಮಪಾಲು ಪಡೆಯುತ್ತಾರೆಂದು ಆ ಲೆಕ್ಕ ಮೊದಲೇ ಒಪ್ಪಿಕೊಂಡಿರುತ್ತದೆ.

ಕೇಂದ್ರ ಸಾಂಖ್ಯಿಕ ಸಚಿವಾಲಯವು ದೇಶವ್ಯಾಪಿ ಕುಟುಂಬ ವರಮಾನ ಸಮೀಕ್ಷೆಯನ್ನು 2026ರಲ್ಲಿ ನಡೆಸುವುದಾಗಿ 2025ರಲ್ಲಿ ಪ್ರಕಟಿಸಿ, ಅದಕ್ಕಾಗಿ ಅರ್ಥಶಾಸ್ತ್ರಜ್ಞ ಸುರ್ಜಿತ್ ಭಲ್ಲಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ತಂಡವನ್ನು ನೇಮಿಸಿತು. ಬಹುಕಾಲದಿಂದ ಆಗಬೇಕಿದ್ದ ಕೆಲಸವಿದು. ಅದು ಸಾರ್ಥಕವಾಗಬೇಕಾದರೆ ಸಾಲವನ್ನೂ ಬಡ್ಡಿಯನ್ನೂ ವರಮಾನದ ಜೊತೆಯಲ್ಲೇ ಕೇಳಬೇಕು, ಗುಳೆ ಹೋದವರನ್ನು ಶೆಡ್ಡುಗಳಲ್ಲಿ ಹುಡುಕಿ ಎಣಿಸಬೇಕು, ಮೇಲ್ತುದಿಯ ಕೊರತೆಯನ್ನು ಹೆಸರು ಅಳಿಸಿದ ತೆರಿಗೆ ದಾಖಲೆಗಳಿಂದ ತುಂಬಬೇಕು, ಹೇಳಿದ ವರಮಾನ ಬಿಪಿಎಲ್ ಕಾರ್ಡಿಗಾಗಲಿ ತೆರಿಗೆ ನೋಟಿಸಿಗಾಗಲಿ ಬಳಕೆಯಾಗದೆಂಬ ಭರವಸೆಯನ್ನು ಮನೆಬಾಗಿಲಲ್ಲಿ ಆಯಾ ಊರಿನ ಭಾಷೆಯಲ್ಲೇ ಜನರಿಗೆ ತಿಳಿಹೇಳಬೇಕು. ಕೊನೆಯದಾಗಿ, 2017-18ರ ಖರ್ಚಿನ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟದ ಕಾರಣ ಕೊಟ್ಟು ಸರ್ಕಾರ 2019ರಲ್ಲಿ ತಡೆಹಿಡಿದದ್ದರಿಂದ 2011-12 ಮತ್ತು 2022-23ರ ನಡುವೆ ದೇಶದ ಬಳಿ ಖರ್ಚಿನ ಅಧಿಕೃತ ಅಂಕಿಯೇ ಇರಲಿಲ್ಲವಾದ್ದರಿಂದ, ಹೊಸ ಸಮೀಕ್ಷೆಯಲ್ಲಿ ಬರುವ ಅಂಕಿ ಹಿತವಾಗಿರಲಿ ಅಹಿತವಾಗಿರಲಿ ಅದರ ಮೂಲ ದತ್ತಾಂಶವನ್ನು ಎಲ್ಲ ಸಂಶೋಧಕರಿಗೂ ತೆರೆದಿಡುವ ದಿನಾಂಕವನ್ನು ಕ್ಷೇತ್ರಕಾರ್ಯ ಶುರುವಾಗುವ ಮುನ್ನವೇ ಘೋಷಿಸಬೇಕು.